ಭುಜದಿಂದ ಪಾಯಿಂಟಿಗೆ ಎಷ್ಟು ಇಂಚು

ಹೆಂಗಸರ ವಯಸ್ಸು ರವಿಕೆ ಹೊಲಿಯುವವಳಿಗೆ ಮುಖಕ್ಕಿಂತ ಮೊದಲು ಟೇಪಿನಲ್ಲಿ ಗೊತ್ತಾಗುತ್ತದೆ. ನಾನು ಶಿರಸಿಯಲ್ಲಿ ಅಂಗಡಿ ಹಾಕಿ 22 ವರ್ಷ ಆಯಿತು. ಮದುವೆ ರವಿಕೆ ಹೊಲಿಸಿಕೊಂಡು ಹೋದವರು ಈಗ ಮಗಳನ್ನು ಕರೆದುಕೊಂಡು ಬರುತ್ತಾರೆ. ಹಳೆಯ ಅಳತೆ ಪುಸ್ತಕಗಳನ್ನು ನಾನು ಎಸೆದಿಲ್ಲ. ಒಬ್ಬರದೇ ಹೆಸರು ಮೂರು ಪುಸ್ತಕದಲ್ಲಿ ಸಿಗುತ್ತದೆ. ಶೋಲ್ಡರು ಅಷ್ಟೇ ಇರುತ್ತದೆ, ತೋಳು ಒಂದಿಂಚು ಜಾಸ್ತಿಯಾಗಿರುತ್ತದೆ, ಸೊಂಟದ ವಿಷಯ ಬಿಡಿ. ಸದ್ದಿಲ್ಲದೆ ಬದಲಾಗುವುದು ಪಾಯಿಂಟು. ಭುಜದ ಮೇಲಿನಿಂದ ಮೊಲೆತೊಟ್ಟಿನವರೆಗಿನ ಅಳತೆಗೆ ನಮ್ಮ ಕಸುಬಿನಲ್ಲಿ ಹಾಗನ್ನುತ್ತೇವೆ. ಟಕ್ಸ್, ಅಂದರೆ ಎದೆಯ ಭಾಗಕ್ಕೆ ಉಬ್ಬು ಕೊಡುವ ಮಡಿಕೆ ಹೊಲಿಗೆ, ಎಲ್ಲಿಗೆ ಬಂದು ನಿಲ್ಲಬೇಕೆಂದು ನಿರ್ಧರಿಸುವುದು ಅದೇ. ಮದುವೆಯ ವರ್ಷ 9½ ಇದ್ದದ್ದು ಎರಡು ಹೆರಿಗೆ ಕಳೆದು ನಲವತ್ತು ದಾಟುವಾಗ 10½ ಆಗಿರುತ್ತದೆ, ಕೆಲವರಿಗೆ 11ಕ್ಕೂ ಹೋಗಿರುತ್ತದೆ.

ಆ ಅಂಕಿಯನ್ನು ನಾನು ಗಟ್ಟಿಯಾಗಿ ಹೇಳುವುದಿಲ್ಲ. ಉಳಿದ ಅಳತೆಗಳನ್ನೆಲ್ಲ ಹುಡುಗಿಗೆ ಕೂಗಿ ಬರೆಸುತ್ತೇನೆ, ಅದೊಂದನ್ನು ನಾನೇ ಬರೆದುಕೊಳ್ಳುತ್ತೇನೆ. ಹೇಳಿ ಯಾರಿಗೆ ಏನಾಗಬೇಕು?

ಈ ಬರಹದಲ್ಲಿ ಮೊಲೆ ಅಂತಲೇ ಬರೆಯುತ್ತೇನೆ. ಅಂಗಡಿಯಲ್ಲಿ ಯಾರೂ ಆ ಶಬ್ದ ಎತ್ತುವುದಿಲ್ಲ. ‘ಎದೆ’ ಅನ್ನುತ್ತಾರೆ, ‘ಇಲ್ಲಿ’ ಅನ್ನುತ್ತಾರೆ, ‘ಇಲ್ಲಿ ಸ್ವಲ್ಪ ಎತ್ತಿ ಹೊಲಿ’ ಅನ್ನುತ್ತಾ ಕಿಟಕಿಯ ಕಡೆ ನೋಡುತ್ತಾರೆ. ಡಾಕ್ಟರ ಹತ್ತಿರ ಹೋದರೆ ‘ಬ್ರೆಸ್ಟು’. ನಮ್ಮ ಅಜ್ಜಿ ಮಾತ್ರ ಕೊಟ್ಟಿಗೆಯ ಆಕಳಿಗೂ ಬಾಣಂತಿ ಸೊಸೆಗೂ ಒಂದೇ ಶಬ್ದ ಬಳಸುತ್ತಿದ್ದಳು, ಅದರಲ್ಲಿ ಅವಳಿಗೆ ನಾಚಿಕೆ ಕಂಡದ್ದೇ ಇಲ್ಲ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಚಿಕ್ಕಮ್ಮನ ಮಗಳು ಅಂಗಡಿಗೆ ಬಂದಳು. ಕುಮಟಾದಲ್ಲಿ ಹೈಸ್ಕೂಲ್ ಟೀಚರು, 41 ವರ್ಷ, ಅವಳಿ ಮಕ್ಕಳ ತಾಯಿ. ಕೈಯಲ್ಲಿ ಬಟ್ಟೆ ಇರಲಿಲ್ಲ. ಕೆಲಸದ ಹುಡುಗಿ ಊಟಕ್ಕೆ ಹೋಗುವ ತನಕ ಸುಮ್ಮನೆ ಕೂತಿದ್ದು, ಆಮೇಲೆ ಟ್ರಯಲ್ ರೂಮಿನ ಪರದೆ ಎಳೆದುಕೊಂಡಳು.

‘ಅಕ್ಕಾ, ಅಳತೆ ತಗ. ರವಿಕೆಗೆ ಅಲ್ಲ.’

‘ಎಂತಕ್ಕೆ ಮತ್ತೆ?’

‘ಆಪರೇಷನ್ ಮಾಡಿಸ್ಕಳವು ಕಾಣ್ತು. ಯಾರ ಹತ್ರನೂ ಹೇಳಡ.’

ಇಳಿದ ಮೊಲೆಯನ್ನು ಎತ್ತಿಸುವ ಆಪರೇಷನ್. ನನ್ನ ಬಾಯಿಂದ ಮೊದಲು ಬಂದದ್ದು ಒಳ್ಳೆಯ ಮಾತಲ್ಲ. ಮಕ್ಕಳನ್ನು ಹೆತ್ತವರದ್ದೆಲ್ಲ ಹೀಗೇ, ಇದಕ್ಕೆಲ್ಲ ಚಾಕು ಹಾಕಿಸಿಕೊಳ್ಳುತ್ತಾರೇನೇ, ನಿಂಗೆ ಮರುಳೇ ಅಂದೆ. ಅವಳು ವಾದ ಮಾಡಲಿಲ್ಲ. ಕುರ್ತಾ ಎತ್ತಿ ತೋರಿಸಿದಳು. ಎರಡು ವರ್ಷದಲ್ಲಿ 22 ಕೆ.ಜಿ. ಇಳಿಸಿದ್ದಳು, ಒಳಗಿನದ್ದು ಕರಗಿ ಚರ್ಮ ಮಾತ್ರ ಉಳಿದಿತ್ತು. ಮೊಲೆಯ ಕೆಳಗೆ ಚರ್ಮಕ್ಕೆ ಚರ್ಮ ಅಂಟುವ ಮಡಿಕೆಯಲ್ಲಿ ಕೆಂಪಗೆ ಹಸಿ ಗಾಯ, ಅದರ ಮೇಲೆ ಪೌಡರು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಘಟ್ಟದ ಮೇಲಿನ ನಮಗೆ ಕರಾವಳಿಯ ಬೆವರು ಅರ್ಥವಾಗುವುದಿಲ್ಲ. ಕುಮಟಾದಲ್ಲಿ ಮಾರ್ಚಿನಿಂದಲೇ ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದರೆ ಅಲ್ಲಿ ಉರಿಯುತ್ತದಂತೆ. ‘ಅದೊಂದೇ ಹೇಳಿದ್ರೆ ಸುಳ್ಳಾಗ್ತು’ ಅಂದಳು. ‘ಕನ್ನಡಿ ನೋಡಿದ್ರೂ ಬೇಜಾರು.’ ಈ ಎರಡನೇ ಮಾತನ್ನು ಅವಳು ಮುಚ್ಚಿಡದೆ ಹೇಳಿದ್ದು ನನಗೆ ಹಿಡಿಸಿತು. ಉರಿಯನ್ನು ನೆಪ ಮಾಡಿಕೊಂಡು ಬೇಜಾರನ್ನು ಅಡಗಿಸಿಡುವವರೇ ಜಾಸ್ತಿ.

ಮೊಲೆ ಯಾಕೆ ಇಳಿಯುತ್ತದೆ ಅನ್ನುವುದರ ಬಗ್ಗೆ ನಮ್ಮ ಕಡೆ ಒಂದೇ ಉತ್ತರ: ಹಾಲು ಕುಡಿಸಿದ್ದಕ್ಕೆ. ಈ ಮಾತು ಕೇಳಿ ಮೂರು ತಿಂಗಳಿಗೇ ಡಬ್ಬಿ ಹಾಲು ಶುರುಮಾಡಿದ ಹುಡುಗಿಯರನ್ನು ನಾನು ನೋಡಿದ್ದೇನೆ. 2008ರಲ್ಲಿ ಅಮೆರಿಕದ ಕೆಂಟಕಿಯ ಪ್ಲಾಸ್ಟಿಕ್ ಸರ್ಜನ್‌ಗಳು ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಹೆರಿಗೆಯಾದ ಮೇಲೆ ತಮ್ಮ ಹತ್ತಿರ ಬಂದ ಹೆಂಗಸರಲ್ಲಿ ಹಾಲು ಕುಡಿಸಿದವರು, ಕುಡಿಸದವರು ಇಬ್ಬರನ್ನೂ ಹೋಲಿಸಿದರೆ ಹಾಲು ಕುಡಿಸಿದ್ದರಿಂದ ವ್ಯತ್ಯಾಸವೇ ಕಾಣಲಿಲ್ಲ. ಕಂಡದ್ದು ವಯಸ್ಸಿನಿಂದ, ದೇಹದ ತೂಕದಿಂದ, ಎಷ್ಟು ಸಲ ಬಸಿರಾದರು ಎಂಬುದರಿಂದ, ಮೊದಲೇ ಗಾತ್ರ ದೊಡ್ಡದಿತ್ತೇ ಎಂಬುದರಿಂದ, ಸಿಗರೇಟು ಸೇದುತ್ತಿದ್ದರೇ ಎಂಬುದರಿಂದ. ಬಸಿರು ಮೊಲೆಯನ್ನು ಹಿಗ್ಗಿಸುತ್ತದೆ, ಆಮೇಲೆ ಕುಗ್ಗಿಸುತ್ತದೆ. ಮಗು ಬಾಯಿ ಹಾಕಲಿ ಬಿಡಲಿ, ಅದು ನಡೆದೇ ನಡೆಯುತ್ತದೆ.

ವ್ಯಾಯಾಮದ ವಿಷಯವೂ ಹೀಗೇ. ಮೊಲೆಯೊಳಗೆ ಸ್ನಾಯು ಇಲ್ಲ. ಇರುವುದು ಹಾಲಿನ ಗ್ರಂಥಿ, ಕೊಬ್ಬು, ಅವೆರಡನ್ನೂ ಚರ್ಮಕ್ಕೆ ಹಿಡಿದಿಡುವ ಸಣ್ಣ ಸಣ್ಣ ತಂತುಗಳು. ಆಸ್ಟ್ಲಿ ಕೂಪರ್ ಎಂಬ ಇಂಗ್ಲಿಷ್ ಸರ್ಜನ್ 1840ರಲ್ಲಿ ಅವನ್ನು ವಿವರಿಸಿದ್ದರಿಂದ ಈಗಲೂ ಅವರದೇ ಹೆಸರು. ರವಿಕೆಯ ಒಳಗೆ ಅಸ್ತರವನ್ನು ಮೇಲ್ಬಟ್ಟೆಗೆ ಅಲ್ಲಲ್ಲಿ ಟಾಕಿ ಹಾಕಿ ನಿಲ್ಲಿಸುತ್ತೇವಲ್ಲ, ಆ ಥರ. ಟಾಕಿ ಸಡಿಲಾದ ಮೇಲೆ ದಂಡ ಹೊಡೆದರೆ ಹಿಂದಿನ ಎದೆಯ ಸ್ನಾಯು ಗಟ್ಟಿಯಾಗುತ್ತದೆ, ಮುಂದೆ ಜೋತದ್ದು ಜೋತೇ ಇರುತ್ತದೆ. ಕ್ರೀಮು, ಎಣ್ಣೆ ಮಸಾಜು, ಇವೂ ಅಷ್ಟೇ.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗರ ಹಿರಿಯ ಹೆಂಗಸರು ರವಿಕೆಯನ್ನೇ ತೊಡುತ್ತಿರಲಿಲ್ಲ. ಸೀರೆಯನ್ನು ತೋಳಿನ ಕೆಳಗಿಂದ ತಂದು ಕಟ್ಟಿ, ಕುತ್ತಿಗೆಯಿಂದ ಎದೆಯವರೆಗೆ ಸಾಲು ಸಾಲು ಮಣಿಸರ. ಅವರಲ್ಲೊಬ್ಬರಾದ ಜನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು 2017ರಲ್ಲಿ ಪದ್ಮಶ್ರೀ ಪಡೆದಾಗ ಅವರ ಚಿತ್ರ ಎಲ್ಲ ಪೇಪರಿನಲ್ಲೂ ಬಂದಿತ್ತು, ಆಮೇಲೆ ಗಿಡ ಬೆಳೆಸಿದ ತುಳಸಿ ಗೌಡರದ್ದೂ ಹಾಗೆಯೇ. ಆ ಉಡುಗೆಯಲ್ಲಿ ಪಾಯಿಂಟು ಎಲ್ಲಿದೆ ಎಂದು ಯಾರೂ ಅಳೆಯಬೇಕಾಗಿರಲಿಲ್ಲ. ಅಳೆಯಲು ಶುರುಮಾಡಿದವರು ನಾವು ಟೇಲರುಗಳು, ಆಮೇಲೆ ಬ್ರಾ ಕಂಪನಿಗಳು, ಈಗ ಫೋನಿನ ಪರದೆ. ಹಾಗಂತ ತಂಗಿಗೆ ‘ಮಣಿಸರ ಹಾಕ್ಯ’ ಎಂದು ಹೇಳಲು ಬರುವುದಿಲ್ಲವಲ್ಲ. ಅವಳು ಬದುಕುತ್ತಿರುವುದು ಈ ಕಾಲದಲ್ಲಿ, ಸೇಫ್ಟಿ ಪಿನ್ನು ಚುಚ್ಚಿದ ಸೀರೆಯಲ್ಲಿ.

ಮೊದಲು ಹೋದದ್ದು ಜಿಲ್ಲೆಯ ಹೊರಗಿನ ಒಂದು ಪೇಟೆಯ ಕ್ಲಿನಿಕ್ಕಿಗೆ. ಹೆಸರು ಬೇಡ. ಬಿಳಿ ಕೋಟು ಹಾಕಿದ ಹುಡುಗಿಯೊಬ್ಬಳು ಮುಕ್ಕಾಲು ಗಂಟೆ ಮಾತಾಡಿದಳು. ಅವಳು ಡಾಕ್ಟರಲ್ಲ, ‘ಕೌನ್ಸೆಲರ್’ ಅಂತೆ. ಡಾಕ್ಟರು ಬಂದದ್ದು ಹತ್ತು ನಿಮಿಷ. ಕತ್ತರಿಸುವುದೇ ಬೇಡ, ದಾರ ಹಾಕಿ ಎಳೆದುಬಿಡುತ್ತೇವೆ, ಮಧ್ಯಾಹ್ನ ಬಂದು ಸಂಜೆ ಮನೆಗೆ ಹೋಗಬಹುದು, ಇಎಂಐ ಇದೆ, ಈ ವಾರ ಬುಕ್ ಮಾಡಿದರೆ ರಿಯಾಯಿತಿ. ನಾನು ದಾರದ ಜೊತೆ ಬದುಕಿದವಳು. ಭಾರದ ಜರಿ ಅಂಚನ್ನು ತೆಳು ದಾರದಲ್ಲಿ ಎತ್ತಿ ಕಟ್ಟಿದರೆ ಒಂದೋ ದಾರ ಹರಿಯುತ್ತದೆ, ಇಲ್ಲ ಬಟ್ಟೆಯನ್ನೇ ಕೊಯ್ಯುತ್ತದೆ. ಅದೂ ಅಲ್ಲದೆ ಹಾಗೆ ಹಾಕುವ ದಾರ ಕೆಲವು ತಿಂಗಳಲ್ಲಿ ಒಳಗೇ ಕರಗಿಹೋಗುವಂಥದ್ದು. ಮಿಕ್ಕ ಚರ್ಮ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಉತ್ತರ ಸಿಗಲಿಲ್ಲ. ತಂಗಿಗೆ ಬೇರೆ ಕಾಯಿಲೆ ಇದೆಯೇ, ಮಾತ್ರೆ ನುಂಗುತ್ತಾಳೆಯೇ, ಮನೆಯಲ್ಲಿ ಯಾರಿಗಾದರೂ ಮೊಲೆಯ ಕ್ಯಾನ್ಸರ್ ಆಗಿತ್ತೇ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ. ಫೋಟೋಗಳನ್ನು ಮಾತ್ರ ಬಹಳ ತೋರಿಸಿದರು. ‘ಮೊದಲು’ ಚಿತ್ರದಲ್ಲಿ ಹೆಂಗಸು ಬಾಗಿ ನಿಂತಿದ್ದಾಳೆ, ‘ನಂತರ’ ಚಿತ್ರದಲ್ಲಿ ಕೈ ಎತ್ತಿದ್ದಾಳೆ. ಕೈ ಎತ್ತಿದರೆ ಎಲ್ಲರದ್ದೂ ಮೇಲೆ ಹೋಗುತ್ತದೆ! ಅದಕ್ಕೇ ನಾವು ಅಳತೆ ತೆಗೆಯುವಾಗ ಕೈ ಇಳಿಬಿಡಿ ಅನ್ನುವುದು.

ಬಸ್ಸಿನಲ್ಲಿ ವಾಪಸು ಬರುವಾಗ ತಂಗಿ ಅತ್ತಳು. ಆ ಕ್ಲಿನಿಕ್ಕು ಕಾನೂನು ಪ್ರಕಾರವೇ ಇತ್ತೇನೋ, ಅದು ನನಗೆ ತಿಳಿಯದು. ಆಮೇಲೆ ತಿಳಿದುಕೊಂಡದ್ದು ಇಷ್ಟು. ಎಂ.ಬಿ.ಬಿ.ಎಸ್., ಎಂ.ಎಸ್. ಆದಮೇಲೆ ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂ.ಸಿಎಚ್. ಅಥವಾ ಡಿ.ಎನ್.ಬಿ. (ಈಗ ಅದಕ್ಕೆ ಡಿಆರ್‌ಎನ್‌ಬಿ ಅನ್ನುತ್ತಾರೆ) ಎಂಬ ಮೇಲಿನ ಪದವಿ ಮಾಡಿದವರು ಈ ಕೆಲಸಕ್ಕೆ ತರಬೇತಿ ಪಡೆದವರು. ‘ಕಾಸ್ಮೆಟಾಲಜಿಸ್ಟ್’ ಎಂಬ ಬೋರ್ಡಿಗೆ ಆ ಅರ್ಥವಿಲ್ಲ. ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. ಖಾಸಗಿ ಆಸ್ಪತ್ರೆಯಾದರೆ ಕೆಪಿಎಂಇ, ಅಂದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಪತ್ರ ಜನರಿಗೆ ಕಾಣುವ ಹಾಗೆ ಹಾಕಿರಬೇಕು. ಅರಿವಳಿಕೆ ಕೊಡುವವರು ಯಾರು, ಐಸಿಯು ಅದೇ ಕಟ್ಟಡದಲ್ಲಿದೆಯೇ ಎಂದು ಕೇಳಲು ಸಂಕೋಚ ಬೇಡ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ತೀರಿಹೋದ ಸುದ್ದಿ ನಮಗೆಲ್ಲ ನೆನಪಿದೆ. ಚಂದಕ್ಕೆ ಮಾಡಿಸಿಕೊಳ್ಳುವ ಆಪರೇಷನ್ನೂ ಆಪರೇಷನ್ನೇ.

ಎರಡನೇ ಸಲ ಘಟ್ಟ ಇಳಿದು, ಹೆದ್ದಾರಿ ಹಿಡಿದು ದಕ್ಷಿಣಕ್ಕೆ ಹೋದೆವು. ದೊಡ್ಡ ಆಸ್ಪತ್ರೆ, ಉದ್ದದ ಸಾಲು, ಟೋಕನ್ನು. ಡಾಕ್ಟರು ಒಳಗೆ ಕರೆದು, ನರ್ಸ್ ಬರುವ ತನಕ ತಪಾಸಣೆ ಶುರುಮಾಡಲಿಲ್ಲ. ಆಮೇಲೆ ಜೇಬಿನಿಂದ ಒಂದು ಟೇಪ್ ತೆಗೆದರು. ನನ್ನ ಟೇಪಿನಂಥದೇ ಹಳದಿ ಟೇಪು. ನಾನು ಕೂತಲ್ಲಿಂದ ಎದ್ದೇಬಿಟ್ಟೆ.

ತಂಗಿಯನ್ನು ನೆಟ್ಟಗೆ ನಿಲ್ಲಿಸಿ ಕೈ ಇಳಿಬಿಡಿ ಅಂದರು. ನಾನು ಭುಜದಿಂದ ಅಳೆದರೆ ಅವರು ಅಳೆದದ್ದು ಗಂಟಲ ಗುಳಿಯಿಂದ. ಪುಸ್ತಕದ ಲೆಕ್ಕದಲ್ಲಿ ಅಲ್ಲಿಂದ ತೊಟ್ಟಿಗೆ ಸುಮಾರು 19ರಿಂದ 21 ಸೆಂಟಿಮೀಟರ್, ಎತ್ತರದ ಹೆಂಗಸರಿಗೆ ಇನ್ನೂ ಸ್ವಲ್ಪ ಜಾಸ್ತಿ. ತಂಗಿಗೆ 27. ಆಮೇಲೆ ಮೊಲೆಯ ಕೆಳಗಿನ ಮಡಿಕೆಗೆ ಒಂದು ಬೆರಳು ಇಟ್ಟು, ತೊಟ್ಟು ಅದರ ಮೇಲಿದೆಯೋ ಕೆಳಗಿದೆಯೋ ನೋಡಿದರು. 1976ರಲ್ಲಿ ರೆನ್ಯೋ ಎಂಬವರು ಮಾಡಿದ ವಿಂಗಡಣೆಯಂತೆ ಅದು. ತೊಟ್ಟು ಮಡಿಕೆಯ ಮಟ್ಟದಲ್ಲಿದ್ದರೆ ಒಂದನೇ ದರ್ಜೆ, ಮಡಿಕೆಗಿಂತ ಕೆಳಗಿದ್ದು ಇನ್ನೂ ಮುಂದಕ್ಕೆ ನೋಡುತ್ತಿದ್ದರೆ ಎರಡು, ಎಲ್ಲಕ್ಕಿಂತ ಕೆಳಗೆ ಹೋಗಿ ನೆಲ ನೋಡುತ್ತಿದ್ದರೆ ಮೂರು. ತೊಟ್ಟು ಸರಿಯಾದ ಜಾಗದಲ್ಲೇ ಇದ್ದು ಕೆಳಭಾಗ ಮಾತ್ರ ಜೋತಿದ್ದರೆ ಅದು ಬೇರೆ. ತಂಗಿಯದ್ದು ಎರಡೂ ಕಡೆ ಮೂರು, ಎಡಗಡೆ ಸ್ವಲ್ಪ ಜಾಸ್ತಿ. ಎಡ ಬಲ ಒಂದೇ ಅಳತೆ ಇರುವ ಹೆಂಗಸನ್ನು ನಾನೂ ಈ 22 ವರ್ಷದಲ್ಲಿ ಕಂಡಿಲ್ಲ. ಆಪರೇಷನ್ ಆದಮೇಲೂ ಎರಡೂ ಒಂದೇ ಆಗುವುದಿಲ್ಲ ಎಂದು ಡಾಕ್ಟರು ಅಲ್ಲೇ ಹೇಳಿದರು.

ನಾನು ಟೇಲರು ಎಂದು ಗೊತ್ತಾದ ಮೇಲೆ ಅವರ ಮಾತಿನ ಧಾಟಿಯೇ ಬದಲಾಯಿತು. ಲೆಟರ್‌ಹೆಡ್ಡಿನ ಹಿಂದೆ ಚಿತ್ರ ಬಿಡಿಸಿದರು. ಇಳಿತ ಕಡಿಮೆ ಇದ್ದರೆ ತೊಟ್ಟಿನ ಕಪ್ಪು ವೃತ್ತದ ಸುತ್ತ ಮಾತ್ರ ಕತ್ತರಿಸಿ ಚರ್ಮ ಒಳಕ್ಕೆ ಎಳೆಯುತ್ತಾರೆ, ಲಾಡಿ ಎಳೆದ ಚೀಲದ ಬಾಯಿಯ ಹಾಗೆ ನೆರಿಗೆ ಬೀಳುತ್ತದೆ, ಆ ನೆರಿಗೆ ತಿಂಗಳುಗಟ್ಟಲೆ ಇರುತ್ತದೆ. ಹೆಚ್ಚಿದ್ದರೆ ವೃತ್ತದ ಜೊತೆ ಅಲ್ಲಿಂದ ಕೆಳಗೆ ಮಡಿಕೆಯವರೆಗೆ ಒಂದು ನೇರ ಗೀಟು. ಇನ್ನೂ ಹೆಚ್ಚಿದ್ದರೆ ಮಡಿಕೆಯ ಉದ್ದಕ್ಕೂ ಅಡ್ಡ ಗೀಟು ಸೇರಿ ತಲೆಕೆಳಗಾದ ಇಂಗ್ಲಿಷ್ ಟೀ ಅಕ್ಷರ. ಈ ಮೂರನೆಯದರ ಪ್ಯಾಟರ್ನನ್ನು 1956ರಲ್ಲಿ ರಾಬರ್ಟ್ ವೈಸ್ ಎಂಬ ಅಮೆರಿಕದ ಸರ್ಜನ್ ಪ್ರಕಟಿಸಿದ್ದು. ಅದರ ಮೂಲ ಬ್ರಾ ಹೊಲಿಯುವ ಪ್ಯಾಟರ್ನು! ಇದನ್ನು ಕೇಳಿದಾಗ ನನಗೆ ಆದ ಖುಷಿಯನ್ನು ಹೇಗೆ ಹೇಳಲಿ. ಎರಡು ಕಡೆಯ ಬಟ್ಟೆ ತೆಗೆದು, ಅಂಚಿಗೆ ಅಂಚು ಸೇರಿಸಿದರೆ ಚಪ್ಪಟೆ ಬಟ್ಟೆ ಉಬ್ಬಿ ಬಟ್ಟಲಾಗುತ್ತದೆ. ಕಟೋರಿ ರವಿಕೆಯಲ್ಲಿ ದಿನಾ ಮಾಡುವುದು ಅದನ್ನೇ.

ತೊಟ್ಟನ್ನು ಗುಂಡಿಯ ಹಾಗೆ ಕಿತ್ತು ಮೇಲೆ ಹೊಲಿಯುತ್ತಾರೆಂದು ತಂಗಿ ಹೆದರಿದ್ದಳು. ಹಾಗಲ್ಲ. ರಕ್ತನಾಳ, ನರ ಇರುವ ಒಳಗಿನ ಮಾಂಸದ ದಿಂಡಿನ ಮೇಲೆಯೇ ಅದನ್ನು ಬಿಟ್ಟು, ಸುತ್ತಲಿನ ಚರ್ಮ ತೆಗೆದು, ಹಾಗೇ ಮೇಲಕ್ಕೆ ಸರಿಸುತ್ತಾರೆ. ಕಿತ್ತು ಕೂರಿಸುವುದು ತೀರಾ ಅಪರೂಪಕ್ಕೆ, ಬಹಳ ದೊಡ್ಡದಿದ್ದಾಗ ಮಾತ್ರ.

ಟೇಲರಾಗಿ ನನಗೆ ತಟ್ಟನೆ ಹೊಳೆದದ್ದು ಬೇರೆ. ಬಟ್ಟೆ ತೆಗೆದರೆ ರವಿಕೆ ದೊಡ್ಡದಾಗುವುದಿಲ್ಲ. ಎತ್ತುವ ಆಪರೇಷನ್ನಿನಿಂದ ಆಕಾರ ಬರುತ್ತದೆ, ತುಂಬು ಬರುವುದಿಲ್ಲ. ಎಷ್ಟೋ ಜನರಿಗೆ ಮೊದಲಿಗಿಂತ ಸಣ್ಣದಾಯಿತು ಅನ್ನಿಸುತ್ತದೆ. ಕುತ್ತಿಗೆಯ ಕೆಳಗಿನ ಮೇಲ್ಭಾಗ ತುಂಬಬೇಕೆಂದರೆ ಒಳಗೆ ಸಿಲಿಕೋನ್ ಇಡಬೇಕು, ಅದಕ್ಕೆ ಬೇರೆ ಲೆಕ್ಕ. ಅದು ಜೀವಮಾನಪೂರ್ತಿ ಬರುವ ವಸ್ತುವಲ್ಲ, ಮುಂದೊಂದು ದಿನ ಮತ್ತೊಂದು ಆಪರೇಷನ್ ಕಾದಿರುತ್ತದೆ, ಒಳಗೆ ಒಡೆದಿದೆಯೇ ಎಂದು ಆಗಾಗ ಸ್ಕ್ಯಾನ್ ಮಾಡಿಸುತ್ತಿರಬೇಕು. ತಂಗಿ ಅದು ಬೇಡ ಅಂದಳು. ಅವಳ ಜಾಗದಲ್ಲಿದ್ದರೆ ನಾನೂ ಬೇಡ ಅನ್ನುತ್ತಿದ್ದೆ.

ಗಾಯದ ಗುರುತಿನ ಬಗ್ಗೆ ಅವಳೇ ಕೇಳಿದಳು. ಡಾಕ್ಟರು ಮೂರು ತಿಂಗಳ ನಂತರದ ಫೋಟೋ ತೋರಿಸಿದರು. ಕೆಂಪಗೆ, ದಪ್ಪಗೆ, ನೋಡಲು ಕಷ್ಟವೇ. ಆಮೇಲೆ ಒಂದೂವರೆ ವರ್ಷದ ನಂತರದ್ದು. ಮಾಸಿತ್ತು, ಆದರೆ ಇತ್ತು. ನಮ್ಮ ಮೈಬಣ್ಣದವರಿಗೆ ಗಾಯ ಕಪ್ಪಾಗಿ ನಿಲ್ಲುವುದೂ ಉಬ್ಬಿ ಬೆಳೆಯುವುದೂ ಬಿಳಿಯರಿಗಿಂತ ಜಾಸ್ತಿ. ಕಿವಿ ಚುಚ್ಚಿಸಿದ ಜಾಗ, ಸಿಸೇರಿಯನ್ ಹೊಲಿಗೆ ಹೇಗೆ ಮಾಗಿದೆ ಎಂದು ಅದಕ್ಕೇ ನೋಡಿದರು. ನನ್ನ ಅಂಗಡಿಯಲ್ಲಿ ಹೊಲಿಗೆ ಒಳಗಡೆ ಬರುತ್ತದೆ, ತಿರುವಿ ಹಾಕಿಕೊಂಡರೆ ಯಾರಿಗೂ ಕಾಣದು. ಮೈಗೆ ಒಳಮುಖ ಹೊರಮುಖ ಮಾಡಲು ಬರುವುದಿಲ್ಲ. ಹೊಲಿಗೆ ಕಾಣುತ್ತದೆ. ಇಳಿದ ಮೊಲೆ ಕೊಟ್ಟು ಎತ್ತಿದ ಮೊಲೆ ತರುವ ವ್ಯಾಪಾರ ಅಲ್ಲ ಇದು, ಆಕಾರ ತಗೊಂಡು ಗೀಟು ಕೊಡುವ ವ್ಯಾಪಾರ. ಒಪ್ಪಿಗೆಯಿದ್ದರೆ ಮುಂದಿನ ಮಾತು. ಮೊದಲನೇ ಕ್ಲಿನಿಕ್ಕಿನಲ್ಲಿ ಈ ಒಂದು ವಾಕ್ಯ ಹೇಳಿದ್ದರೆ ನನಗೆ ಅವರ ಮೇಲೆ ಸಿಟ್ಟೇ ಇರುತ್ತಿರಲಿಲ್ಲ.

ಇನ್ನು ಮುಂಚಿನ ತಯಾರಿ. ನಲವತ್ತು ದಾಟಿದ್ದರಿಂದ ಮೊದಲು ಮ್ಯಾಮೊಗ್ರಾಮ್, ಅಂದರೆ ಮೊಲೆಯ ಎಕ್ಸ್-ರೇ. ಆಪರೇಷನ್ ಆದಮೇಲೆ ಒಳಗಿನ ಗಾಯದ ಗಂಟುಗಳು ಚಿತ್ರದಲ್ಲಿ ಕಾಣುವುದರಿಂದ ಮುಂಚಿನದ್ದೊಂದು ಕೈಯಲ್ಲಿ ಇರಲೇಬೇಕು. ಮುಂದೆ ಪ್ರತಿ ಸಲ ಮಾಡಿಸುವಾಗಲೂ ಹೀಗೆ ಆಪರೇಷನ್ ಆಗಿದೆ ಎಂದು ಬಾಯಿಬಿಟ್ಟು ಹೇಳಬೇಕು. ತೂಕ ಆರು ತಿಂಗಳಾದರೂ ಒಂದೇ ಕಡೆ ನಿಂತಿರಬೇಕು. ಇಳಿಸುತ್ತಾ ಇರುವವರಿಗೆ ಹೊಲಿದುಕೊಟ್ಟ ರವಿಕೆ ಮರುತಿಂಗಳು ಸಡಿಲಾಗುವುದು ನನಗೆ ಗೊತ್ತಿದ್ದದ್ದೇ. ಇನ್ನೊಂದು ಮಗು ಬೇಕೆನ್ನುವವರಿಗೆ ಆಮೇಲೆ ಬನ್ನಿ ಅನ್ನುತ್ತಾರೆ. ಬಸಿರು ಮತ್ತೆ ಹಿಗ್ಗಿಸುತ್ತದೆ, ಹಾಲು ಕುಡಿಸಲು ಬಹಳ ಜನರಿಗೆ ಆಗುತ್ತದಾದರೂ ಆಗಿಯೇ ಆಗುತ್ತದೆಂಬ ಭರವಸೆ ಯಾರೂ ಕೊಡುವುದಿಲ್ಲ. ಆಸ್ಪಿರಿನ್, ನೋವಿನ ಮಾತ್ರೆಗಳು, ಪೇಟೆಯ ಗಿಡಮೂಲಿಕೆ ಗುಳಿಗೆ ಎಲ್ಲ ಪಟ್ಟಿ ಮಾಡಿ ಕೊಟ್ಟು, ಯಾವುದು ನಿಲ್ಲಿಸಬೇಕೋ ಅವರೇ ಹೇಳಬೇಕು.

ತಂಬಾಕಿನ ಪ್ರಶ್ನೆ ಬಂದಾಗ ತಂಗಿ ಇಲ್ಲ ಅಂದಳು. ಸಿಗರೇಟು ಸೇದುತ್ತೀರಾ ಎಂದು ಕೇಳಿದರೆ ನಮ್ಮ ಕಡೆಯ ಯಾವ ಹೆಂಗಸು ಹೌದು ಅನ್ನುತ್ತಾಳೆ? ಡಾಕ್ಟರು ಅಷ್ಟಕ್ಕೇ ಬಿಡದೆ ‘ಕವಳ?’ ಎಂದು ಕೇಳಿದರು. ಎಲೆಯಡಕೆಗೆ ನಮ್ಮ ಕಡೆಯ ಹೆಸರು ಅದು. ಅಡಕೆ ಬೆಳೆಯುವ ಸೀಮೆ ನಮ್ಮದು. ಊಟವಾದ ಮೇಲೆ ಕವಳದ ಬಟ್ಟಲು ಸರಿಸದ ಮನೆಯಿಲ್ಲ, ಅದರಲ್ಲಿ ಚೂರು ಹೊಗೆಸೊಪ್ಪು ಸೇರಿಸಿಕೊಳ್ಳುವ ಹೆಂಗಸರು ಈಗಲೂ ಇದ್ದಾರೆ, ಅದನ್ನು ತಂಬಾಕು ಅಂತ ಅವರು ಎಣಿಸುವುದೇ ಇಲ್ಲ. ಅಗಿದರೂ ಸೇದಿದರೂ ನಿಕೋಟಿನ್ ನಿಕೋಟಿನ್ನೇ. ಅದು ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಸರಿಸಿದ ತೊಟ್ಟು ಬದುಕುವುದೇ ಆ ಸಣ್ಣ ನಾಳಗಳಿಂದ. ಬಿಗಿದರೆ ಹೊಲಿಗೆ ಬಿಚ್ಚಬಹುದು, ತೊಟ್ಟಿನ ಚರ್ಮವೇ ಕಪ್ಪಾಗಿ ಸತ್ತುಹೋಗಬಹುದು. ಆಪರೇಷನ್ನಿಗೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು, ನಂತರವೂ ನಾಲ್ಕು ವಾರ ಮುಟ್ಟಬಾರದು. ಸಕ್ಕರೆ ಕಾಯಿಲೆ ಇದ್ದವರು ಅದನ್ನು ಹತೋಟಿಗೆ ತಂದ ಮೇಲೆಯೇ ಮುಂದಿನದು. ಇದನ್ನು ಓದುವ ಸೀಮೆಯ ಅಕ್ಕಂದಿರೇ, ಡಾಕ್ಟರು ಕೇಳದಿದ್ದರೂ ಕವಳದ ವಿಷಯ ನೀವೇ ಹೇಳಿ.

ದುಡ್ಡಿನ ವಿಷಯ ಚುಟುಕಾಗಿ ಹೇಳಿಬಿಡುತ್ತೇನೆ. ಚಂದಕ್ಕೆ ಮಾಡಿಸುವ ಸರ್ಜರಿಯನ್ನು ಆರೋಗ್ಯ ವಿಮೆ ಹೊರಗಿಟ್ಟಿರುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದಮೇಲೆ ಮರುಜೋಡಣೆಗಾದರೆ ಬೇರೆ ಮಾತು. ಬೇರೆ ಚಿಕಿತ್ಸೆಗಿರುವ ಜಿಎಸ್‌ಟಿ ವಿನಾಯಿತಿಯೂ ಇದಕ್ಕಿಲ್ಲ. ಹೇಳುವ ಮೊತ್ತದಲ್ಲಿ ಅರಿವಳಿಕೆಯವರ ಫೀಸು, ರೂಮು, ಬ್ರಾ, ಎರಡನೇ ಸಲ ಸರಿಪಡಿಸಬೇಕಾಗಿ ಬಂದರೆ ಅದರ ಖರ್ಚು ಸೇರಿದೆಯೇ ಎಂದು ಬರೆಸಿಕೊಳ್ಳಿ. ತಂಗಿ ಎರಡು ವರ್ಷದ ಉಳಿತಾಯ ತೆಗೆದಳು.

ಏಪ್ರಿಲ್ ರಜೆಯಲ್ಲಿ ಆಯಿತು. ಬೆಳಿಗ್ಗೆ ನಿಲ್ಲಿಸಿ ನೇರಳೆ ಪೆನ್ನಿನಲ್ಲಿ ಗೀಟು ಹಾಕಿದರು. ಮಲಗಿದ ಮೇಲೆ ಎಲ್ಲ ಪಕ್ಕಕ್ಕೆ ಹರಿದುಹೋಗುತ್ತದೆ, ಆಗ ಗುರುತು ಹಾಕಿದರೆ ತಪ್ಪುತ್ತದೆ. ಪೂರ್ತಿ ಮಂಪರು ಕೊಟ್ಟು ಸುಮಾರು ಮೂರು ಗಂಟೆ. ಸಂಜೆಗೇ ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿದರು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು. ಒಂದು ವಾರ ಅದೇ ಊರಿನಲ್ಲಿ ನೆಂಟರ ಮನೆಯಲ್ಲಿ ಉಳಿದೆವು. ಇದು ನನ್ನ ಹಟ. ನಮ್ಮ ಜಿಲ್ಲೆಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಕಾರವಾರದವರಿಗೆ ಗೋವೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಉಡುಪಿ ಕಡೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ಸತ್ತದ್ದು, ಆಮೇಲೆ ಜಿಲ್ಲೆಗೊಂದು ಒಳ್ಳೆಯ ಆಸ್ಪತ್ರೆ ಕೊಡಿ ಎಂದು ಊರೂರು ಕೂಗಿದ್ದು ಮರೆಯುವಂಥದ್ದಲ್ಲ. ಮೊದಲ ದಿನಗಳಲ್ಲಿ ಒಂದು ಕಡೆ ಏಕಾಏಕಿ ಊದಿ ಬಿಗಿದುಕೊಂಡರೆ ಒಳಗೆ ರಕ್ತ ತುಂಬಿದೆ ಎಂದರ್ಥ, ತಡಮಾಡದೆ ಹೋಗಬೇಕು. ಮಧ್ಯರಾತ್ರಿ ದೇವಿಮನೆ ಘಟ್ಟ ಇಳಿಯುತ್ತಾ ಕೂರಲು ನನಗೆ ಧೈರ್ಯವಿರಲಿಲ್ಲ.

ಅಂಥದ್ದೇನೂ ಆಗಲಿಲ್ಲ. ಆದದ್ದು ಮೂರನೇ ವಾರ, ಶಿರಸಿಗೆ ಬಂದ ಮೇಲೆ. ಬಲಗಡೆ ನೇರ ಗೀಟೂ ಅಡ್ಡ ಗೀಟೂ ಸೇರುವ ಜಾಗದಲ್ಲಿ ಒಂದು ಬೆಳಿಗ್ಗೆ ಹೊಲಿಗೆ ಬಿಟ್ಟಿತ್ತು, ಹತ್ತು ಪೈಸೆ ನಾಣ್ಯದಷ್ಟು ಅಗಲ. ತಂಗಿಯ ಮುಖದಲ್ಲಿ ರಕ್ತವಿರಲಿಲ್ಲ. ನನಗೋ, ಸುಳ್ಳೇಕೆ, ಆಶ್ಚರ್ಯವಾಗಲಿಲ್ಲ. ರವಿಕೆಯಲ್ಲೂ ಮೂರು ಹೊಲಿಗೆ ಕೂಡುವ ಮೂಲೆಯೇ ಮೊದಲು ಬಿಡುವುದು, ಎಳೆತವೆಲ್ಲ ಅಲ್ಲಿಗೇ ಬರುತ್ತದೆ. ಫೋಟೋ ಕಳಿಸಿದೆವು. ಈ ಜಾಗದಲ್ಲಿ ಹೀಗಾಗುವುದು ಸಾಮಾನ್ಯ, ಜ್ವರ ಇಲ್ಲ, ಕೀವಿಲ್ಲ, ಸುತ್ತ ಕೆಂಪು ಹರಡಿಲ್ಲವಾದರೆ ಪಟ್ಟಿ ಬದಲಿಸುತ್ತಾ ಇರಿ, ನಾಳೆ ಬಂದು ತೋರಿಸಿ ಅಂದರು. ಮತ್ತೆ ಹೊಲಿಯಲಿಲ್ಲ. ಅದಾಗಿ ಮುಚ್ಚಲು ಐದು ವಾರ ಹಿಡಿಯಿತು. ಆ ಐದು ವಾರ ದಿನಕ್ಕೆ ಎರಡು ಸಲ ಕೈ ತೊಳೆದು ಪಟ್ಟಿ ಕಟ್ಟಿದವಳು ನಾನು. ಆಪರೇಷನ್ ಅಂದರೆ ಆ ಮೂರು ಗಂಟೆ ಅಂದುಕೊಂಡಿರುತ್ತೇವೆ, ನಿಜವಾದದ್ದು ಆಮೇಲಿನ ಈ ಬಚ್ಚಲುಮನೆಯ ಕೆಲಸ.

ಆರು ವಾರ ಹಗಲೂ ರಾತ್ರಿ ತಂತಿಯಿಲ್ಲದ ಬಿಗಿ ಬ್ರಾ ಹಾಕಬೇಕು ಎಂದಿದ್ದರು, ಎರಡು ಕೊಟ್ಟಿದ್ದರು. ಮೇ ಕೊನೆಗೆ ಮಳೆ ಹಿಡಿಯಿತು. ಶಿರಸಿಯ ಮಳೆಯಲ್ಲಿ ಎರಡು ಬ್ರಾ ಸಾಲುವುದಿಲ್ಲ ಎಂದು ಆ ಊರಿನವರಿಗೆ ಹೇಗೆ ಗೊತ್ತಾಗಬೇಕು? ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕಿ ಒಣಗಿಸಿದರೆ ಹೊಗೆ ವಾಸನೆ. ಕೊನೆಗೆ ಅದೇ ಅಳತೆಯ ಹತ್ತಿಯ ನಾಲ್ಕು ನಾನೇ ಹೊಲಿದುಕೊಟ್ಟೆ, ಡಾಕ್ಟರಿಗೆ ತೋರಿಸಿಯೇ ಹಾಕಿದ್ದು. ಮಳೆಗಾಲದ ಮುಂದೆ ಇಂಥದ್ದು ಇಟ್ಟುಕೊಳ್ಳಬೇಡಿ ಎಂದು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ. ಕೊಡಪಾನ ಎತ್ತುವಂತಿಲ್ಲ, ಅಟ್ಟದ ಮೇಲಿನ ಡಬ್ಬಿಗೆ ಕೈ ಚಾಚುವಂತಿಲ್ಲ, ಮಗ್ಗುಲಾಗಿ ಮಲಗುವಂತಿಲ್ಲ, ಸ್ಕೂಟಿ ಇಲ್ಲ. ಮನೆಯಲ್ಲಿ ಇನ್ನೊಬ್ಬ ಹೆಂ­ಗಸಿಲ್ಲದಿದ್ದರೆ, ಅಥವಾ ಹೆಂಗಸಿನ ಕೆಲಸ ಮಾಡುವ ಗಂಡಸಿಲ್ಲದಿದ್ದರೆ, ತಿಂಗಳು ತಳ್ಳುವುದು ಕಷ್ಟ. ತಂಗಿಯ ಗಂಡ ವಾರಕ್ಕೊಮ್ಮೆ ಬಂದು ಮಕ್ಕಳನ್ನು ತೋರಿಸಿ ಹೋಗುತ್ತಿದ್ದ. ‘ನಂಗೇನೂ ಬೇಕಾಗಿರ್ಲಿಲ್ಲೆ’ ಎಂದು ನನ್ನ ಹತ್ತಿರ ಹೇಳಿದ. ಅವಳು ಮಾಡಿಸಿಕೊಂಡದ್ದು ಅವನಿಗಾಗಿ ಅಲ್ಲ ಎಂದು ಅವನಿಗೆ ಅರ್ಥವಾಗಲು ಸ್ವಲ್ಪ ದಿನ ಬೇಕಾಯಿತು.

ಎಡಗಡೆ ತೊಟ್ಟಿನಲ್ಲಿ ಮೂರು ತಿಂಗಳು ಏನೂ ಗೊತ್ತಾಗುತ್ತಿರಲಿಲ್ಲವಂತೆ, ಆಮೇಲೆ ಇರುವೆ ಹರಿದಾಡಿದ ಹಾಗೆ. ಈಗ ಅರ್ಧ ಬಂದಿದೆ. ಪೂರ್ತಿ ಬಾರದೆಯೂ ಇರಬಹುದು, ಇದನ್ನೂ ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದರು. ಒಳಗೊಂದು ಗಟ್ಟಿ ಗಂಟು ಕೈಗೆ ಸಿಕ್ಕಿ ಎರಡು ರಾತ್ರಿ ಇಬ್ಬರೂ ನಿದ್ದೆ ಮಾಡಿರಲಿಲ್ಲ. ಸ್ಕ್ಯಾನ್ ಮಾಡಿದರೆ ರಕ್ತ ಸಾಲದೆ ಗಟ್ಟಿಯಾದ ಕೊಬ್ಬು, ಅಷ್ಟೇ. ಮಡಿಕೆಯ ಉರಿ ಮಾತ್ರ ಹೋಯಿತು, ಅದರಲ್ಲಿ ಎರಡು ಮಾತಿಲ್ಲ.

ನೀನೂ ಮಾಡಿಸಿಕೊಳ್ಳುತ್ತೀಯಾ ಎಂದು ಅಂಗಡಿಗೆ ಬರುವ ಒಬ್ಬಿಬ್ಬರು ಕೇಳಿದ್ದಾರೆ. ಸುದ್ದಿ ಹೇಗೋ ಹಬ್ಬಿದೆ, ನಾನಂತೂ ಹೇಳಿದ್ದಲ್ಲ. ನನ್ನ ಪಾಯಿಂಟು 11. ನನಗೆ ಉರಿಯಿಲ್ಲ, ಕನ್ನಡಿಯ ಮುಂದೆ ನಿಲ್ಲಲು ಪುರುಸೊತ್ತೂ ಇಲ್ಲ. ಟಕ್ಸನ್ನು ಒಂದಿಂಚು ಇಳಿಸಿ ಹೊಲಿದುಕೊಳ್ಳುತ್ತೇನೆ. ಆದರೆ ತಂಗಿಯನ್ನು ‘ಮರುಳೇ’ ಅಂದದ್ದು ತಪ್ಪು ಎಂದು ಅವಳಿಗೂ ಹೇಳಿದ್ದೇನೆ.

ಇವತ್ತು ಮಧ್ಯಾಹ್ನ ಬಂದಿದ್ದಳು. ಈ ಸಲ ಕೈಯಲ್ಲಿ ಬಟ್ಟೆ ಇತ್ತು, ಕಡುನೀಲಿ, ನವರಾತ್ರಿಗೆ. ಪರದೆ ಎಳೆದು ಕೈ ಇಳಿಬಿಟ್ಟು ನಿಂತಳು. ಶೋಲ್ಡರು, ಮೇಲೆದೆ, ಸುತ್ತಳತೆ, ಸೊಂಟ, ಎಲ್ಲ ಕೂಗಿ ಬರೆಸಿದೆ. ಪಾಯಿಂಟಿಗೆ ಬಂದಾಗ ಅಭ್ಯಾಸದಂತೆ ಸುಮ್ಮನಾಗಿ ಪೆನ್ನು ಹುಡುಕಿದೆ.

‘ಎಷ್ಟು ಬಂತು ಅಕ್ಕಾ?’

‘ಒಂಬತ್ತೂ ಮುಕ್ಕಾಲು.’

ಅವಳು ಸ್ವಲ್ಪ ಹೊತ್ತು ಕನ್ನಡಿ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಳ್ಳುತ್ತಾ ಅಂದಳು: ‘ಒಳಗೆ ಬಟ್ಟೆ ಬಿಟ್ಟು ಹೊಲಿ. ಮುಂದೆ ಇಳಿದೇ ಇಳೀತು ಹೇಳಿ ಡಾಕ್ಟ್ರೂ ಹೇಳಿದ್ದ.’

ಒಂದಿಂಚು ಬಿಟ್ಟು ಕತ್ತರಿಸಿದ್ದೇನೆ.